ಚದುರಂಗದ ಆಟಕ್ಕೂ ವೋಚರ್ ಬೇಕು

ವೋಚರ್ ಇಲ್ಲದೆ ಜರ್ನಲ್‌ನಲ್ಲಿ ಒಂದು ಸಾಲೂ ಬರೆಯಬಾರದು ಎಂಬುದು ನಮ್ಮ ಅಕೌಂಟೆನ್ಸಿ ತರಗತಿಯಲ್ಲಿ ಮೊದಲು ಕಲಿಯುವ ಪಾಠ. ಲೆಡ್ಜರ್ ಎಷ್ಟೇ ಅಂದವಾಗಿದ್ದರೂ ಅದರ ಹಿಂದೆ ಬಿಲ್ಲೋ ರಸೀದಿಯೋ ಇರಲೇಬೇಕು. ಹಳೆಯ ಚದುರಂಗದ ಆಟಗಳಿಗೂ ಈ ಮಾತು ಸಲ್ಲುತ್ತದೆ. ಹತ್ತೊಂಬತ್ತನೇ ಶತಮಾನದ ಆಟಗಳು ಇವತ್ತು ಮೊಬೈಲ್‌ನಲ್ಲೇ ಬೇಕಾದಷ್ಟು ಸಿಗುತ್ತವೆ. ಆಡಿದವರ ಹೆಸರು, ಊರು, ವರ್ಷ ಎಲ್ಲವೂ ನೀಟಾಗಿ ಇರುತ್ತವೆ. ಆದರೆ ಅದು ಲೆಡ್ಜರ್ ಮಾತ್ರ. ಅದರ ವೋಚರ್ ಎಲ್ಲಿದೆ?

ನಮ್ಮ ಮನೆಯಲ್ಲಿ ಈ ಆಟಕ್ಕೆ ಶತರಂಜ್ ಎನ್ನುತ್ತೇವೆ. ಮಂತ್ರಿ ನಮಗೆ ವಜೀರ್, ಕುದುರೆ ಘೋಡಾ, ಪದಾತಿ ಪ್ಯಾದಾ. ಹಾಗಾಗಿ ಚೆಸ್ ಆರಂಭಗಳ ಪಟ್ಟಿಯಲ್ಲಿ ಗುಲಾಮ್ ಖಾಸಿಂ ಎಂಬ ಹೆಸರು ಕಂಡಾಗ ನನಗೆ ಕುತೂಹಲ ತಡೆಯಲಾಗಲಿಲ್ಲ. ಬಿಳಿಯವನು ತನ್ನ ಕುದುರೆಯನ್ನು ಎದುರಾಳಿಯ ಪದಾತಿಗೆ ಬಿಟ್ಟು, ಡಿ4 ನಡೆಸಿ ಮುನ್ನುಗ್ಗುವ ದಾಳಿಗೆ ಅವರ ಹೆಸರಿದೆ. ಯಾರಿವರು? ಮದ್ರಾಸಿನ ಆಟಗಾರ. 1828-29ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ನಡುವೆ ಪತ್ರದ ಮೂಲಕ ಎರಡು ಆಟ ನಡೆದವು, ಎರಡನ್ನೂ ಮದ್ರಾಸ್ ಗೆದ್ದಿತು. ಒಂದೊಂದು ನಡೆಯೂ ಟಪಾಲಿನಲ್ಲಿ ಹೋಗಿ ಉತ್ತರ ಟಪಾಲಿನಲ್ಲೇ ಬರಬೇಕು. ರೈಲು ಇನ್ನೂ ಬಂದಿರದ ಕಾಲ ಅದು!

ಈ ಆಟಗಳ ವೋಚರ್ ಗಟ್ಟಿಯಾಗಿದೆ. 1829ರಲ್ಲೇ ಮದ್ರಾಸಿನಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿ ಎರಡೂ ಆಟಗಳಿವೆ, ಜೊತೆಗೆ ಮುಜಿಯೋ ಗ್ಯಾಂಬಿಟ್ ಎಂಬ ಆರಂಭದ ವಿಶ್ಲೇಷಣೆಯೂ ಇದೆ. ಬರೆದವರು ಇಬ್ಬರು, ಗುಲಾಮ್ ಖಾಸಿಂ ಮತ್ತು ಮದ್ರಾಸ್ ಸಿವಿಲ್ ಸರ್ವಿಸ್‌ನ ಜೇಮ್ಸ್ ಕಾಕ್ರೇನ್. ಮದ್ರಾಸಿನ ಕಡೆಯ ಆಟವನ್ನು ಮುಖ್ಯವಾಗಿ ನಡೆಸಿದವರು ಖಾಸಿಂ ಅವರೇ ಎಂದು ಶೀರ್ಷಿಕೆಯ ಪುಟದಲ್ಲೇ ಇದೆ. ಆಡಿದವರೇ ಆಡಿದ ಹೊಸದರಲ್ಲಿ ಬರೆದದ್ದು. ಇದಕ್ಕಿಂತ ಒಳ್ಳೆಯ ಮೂಲ ಸಿಗುವುದು ಅಪರೂಪ. ಕಂಪನಿ ಸರ್ಕಾರದ ಆ ದಿನಗಳಲ್ಲಿ ಇಂಗ್ಲಿಷ್ ಅಧಿಕಾರಿಯ ಹೆಸರಿಗಿಂತ ಮೊದಲು ಖಾಸಿಂ ಅವರ ಹೆಸರು ಅಚ್ಚಾಗಿದೆ ಎಂಬುದು ನನಗೆ ಬಹಳ ಹಿಡಿಸಿತು.

ಇಲ್ಲಿ ಒಂದು ಎಚ್ಚರ ಬೇಕು. ಚದುರಂಗದಲ್ಲಿ ಇನ್ನೂ ಪ್ರಸಿದ್ಧನಾದ ಮತ್ತೊಬ್ಬ ಕಾಕ್ರೇನ್ ಇದ್ದಾನೆ. ಅವನು ಜಾನ್, 1798ರಲ್ಲಿ ಹುಟ್ಟಿದ ಸ್ಕಾಟ್ಲೆಂಡಿನ ಬ್ಯಾರಿಸ್ಟರ್, ಕಲ್ಕತ್ತೆಯಲ್ಲಿದ್ದವನು. ಹೆಸರು ಒಂದೇ ಎಂದು ಜೇಮ್ಸ್‌ನ ಖಾತೆಗೆ ಬರಬೇಕಾದ್ದನ್ನು ಜಾನ್‌ಗೆ ಜಮಾ ಮಾಡಿದರೆ ಲೆಕ್ಕ ತಪ್ಪುತ್ತದೆ.

ಈ ಜಾನ್ ಕಾಕ್ರೇನ್ ಜೊತೆ ಕಲ್ಕತ್ತೆಯಲ್ಲಿ ನೂರಾರು ಆಟ ಆಡಿದವರು ಮಹೇಶ್‌ಚಂದ್ರ ಬ್ಯಾನರ್ಜಿ. ಬಂಗಾಳದ ಹಳ್ಳಿಗಾಡಿನಲ್ಲಿ ಯಾರಿಗೂ ಸೋಲದ ಒಬ್ಬ ಬ್ರಾಹ್ಮಣನಿದ್ದಾನೆ ಎಂದು ಕೇಳಿ ಕಾಕ್ರೇನ್ ಅವರನ್ನು ಕರೆಸಿದ ಕಥೆ 1850ರಲ್ಲಿ ಲಂಡನ್ನಿನ 'ಚೆಸ್ ಪ್ಲೇಯರ್ಸ್ ಕ್ರಾನಿಕಲ್' ಪತ್ರಿಕೆಯಲ್ಲಿ ಅಚ್ಚಾದ ಪತ್ರದಲ್ಲಿದೆ. ಈಗ ದಾರಿಯನ್ನು ಯೋಚಿಸಿ. ಆಟ ನಡೆದದ್ದು ಕಲ್ಕತ್ತೆಯಲ್ಲಿ. ಯಾರೋ ಕೈಯಲ್ಲಿ ಬರೆದುಕೊಂಡರು, ಕಾಗದ ಹಡಗಿನಲ್ಲಿ ಲಂಡನ್ನಿಗೆ ಹೋಯಿತು, ಅಲ್ಲಿ ಅಚ್ಚಾಯಿತು. ಅಚ್ಚಾದದ್ದನ್ನು ಪುಸ್ತಕದವರು ನಕಲು ಮಾಡಿದರು, ಪುಸ್ತಕದಿಂದ ಕಂಪ್ಯೂಟರ್‌ಗೆ ಬಂತು. ಪ್ರತಿ ಮೆಟ್ಟಿಲಲ್ಲೂ ಒಂದು ಅಕ್ಷರ ಜಾರಬಹುದು. ಅವರ ಹೆಸರೇ ಮೊಹೇಶ್‌ಚಂದರ್, ಮೋಹಿಶುಂದರ್, ಬೊನ್ನರ್ಜಿ ಎಂದೆಲ್ಲ ಆಗಿದೆ. ಕೆಲವೆಡೆ ಹೆಸರೂ ಇಲ್ಲ, ಬರೀ 'ಬ್ರಾಹ್ಮಣ'. ಆಧಾರ್‌ನಲ್ಲಿ ಒಂದು ಸ್ಪೆಲಿಂಗ್, ಅಂಕಪಟ್ಟಿಯಲ್ಲಿ ಇನ್ನೊಂದು ಇರುವ ನಮ್ಮಲ್ಲಿ ಹಲವರಿಗೆ ಇದರ ಕಷ್ಟ ವಿವರಿಸಬೇಕಿಲ್ಲ. ಹುಡುಕುವಾಗ ಎಲ್ಲ ಸ್ಪೆಲಿಂಗ್‌ಗಳನ್ನೂ ಹಾಕಿ ನೋಡಬೇಕು. ಖಾಸಿಂ ಅವರನ್ನೂ ಹಾಗೆಯೇ ಹುಡುಕಬೇಕು.

ಇದರಿಂದ ಏನು ಪ್ರಯೋಜನ ಎಂದು ಸ್ನೇಹಿತನೊಬ್ಬ ಕೇಳಿದ. ಉತ್ತರ ಒಂದು ಆಟದಲ್ಲೇ ಇದೆ. 1855ರಲ್ಲಿ ಕಾಕ್ರೇನ್ ವಿರುದ್ಧ ಕಪ್ಪು ಕಾಯಿಯಲ್ಲಿ ಬ್ಯಾನರ್ಜಿ ಆಡಿದ ಆರಂಭಕ್ಕೆ ಇಂದು ಗ್ರುನ್‌ಫೆಲ್ಡ್ ಡಿಫೆನ್ಸ್ ಎಂದು ಹೆಸರು. ಆಸ್ಟ್ರಿಯಾದ ಎರ್ನ್ಸ್ಟ್ ಗ್ರುನ್‌ಫೆಲ್ಡ್ ಅದನ್ನು ಆಡಿದ್ದು 1922ರಲ್ಲಿ, ಅಂದರೆ 67 ವರ್ಷ ತಡವಾಗಿ. ಗ್ರುನ್‌ಫೆಲ್ಡ್ ಕದ್ದರು ಎಂದು ನಾನು ಹೇಳುತ್ತಿಲ್ಲ. ಆದರೆ ಹಳೆಯ ಕಾಗದ ಉಳಿದಿದ್ದರಿಂದ ಮಾತ್ರ ಬ್ಯಾನರ್ಜಿಯ ಲೆಕ್ಕ ನಮಗೆ ಸಿಕ್ಕಿದೆ.

ಹಳೆಯ ಪುಸ್ತಕ ಸಿಕ್ಕಿದ ಮೇಲೆ ಓದುವುದಕ್ಕೂ ಅಭ್ಯಾಸ ಬೇಕು. ಆಗ ಇ4 ಎಂದು ಬರೆಯುತ್ತಿರಲಿಲ್ಲ, 'ರಾಜನ ಪದಾತಿ ನಾಲ್ಕನೇ ಮನೆಗೆ' ಎಂಬ ರೀತಿ. ಮನೆಗಳನ್ನು ಪ್ರತಿಯೊಬ್ಬ ಆಟಗಾರನೂ ತನ್ನ ಕಡೆಯಿಂದ ಎಣಿಸುತ್ತಿದ್ದ. ಆದ್ದರಿಂದ ಅದೇ ಮಾತು ಬಿಳಿಗೆ ಇ4, ಕಪ್ಪಿಗೆ ಇ5. ನಕಲು ಮಾಡುವವರು ಇಲ್ಲಿ ಎಡವಿದರೆ ಮುಂದೆ ಎಲ್ಲೋ ಒಂದು ಕಡೆ ಕಾಯಿ ಹೋಗಲಾಗದ ಮನೆಗೆ ಹೋಗುತ್ತದೆ. ಹಲಗೆಯ ಮೇಲೆ ಕಾಯಿ ಇಟ್ಟು ಮೊದಲಿಂದ ಕೊನೆಯವರೆಗೆ ಆಡಿ ನೋಡುವುದು ಟ್ರಯಲ್ ಬ್ಯಾಲೆನ್ಸ್ ಇದ್ದಂತೆ. ತಾಳೆಯಾದರೂ ಎಲ್ಲವೂ ಸರಿ ಎಂದು ಅರ್ಥವಲ್ಲ, ತಾಳೆಯಾಗದಿದ್ದರೆ ತಪ್ಪಿರುವುದು ಖಂಡಿತ.

ನಮ್ಮ ಮೈಸೂರಿನ ದಾಖಲೆ ಬೇರೆ ಬಗೆಯದು. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಹಲಗೆಯಾಟಗಳಲ್ಲಿ ಅಪಾರ ಆಸಕ್ತಿ ಇದ್ದವರು. ಶ್ರೀತತ್ತ್ವನಿಧಿಯ ಒಂಬತ್ತನೇ ಭಾಗವಾದ ಕೌತುಕನಿಧಿ ಇಂಥ ಆಟಗಳದ್ದು. ಕುದುರೆಯೊಂದು 64 ಮನೆಗಳಿಗೂ ಒಂದೊಂದೇ ಸಲ ಕಾಲಿಡುವ ಲೆಕ್ಕಗಳನ್ನೂ ಅವರು ರಚಿಸಿದರು. ಇದು ಇಬ್ಬರು ಆಡಿದ ಆಟವಲ್ಲ, ಸಮಸ್ಯೆ. 1ರಿಂದ 64ರವರೆಗಿನ ಅಂಕಿ ಹಿಡಿದು ಯಾರು ಬೇಕಾದರೂ ಇವತ್ತೇ ಪರೀಕ್ಷಿಸಬಹುದು. ರಚಿಸಿದವರು ಯಾರು, ಎಂದು ಎಂಬುದನ್ನು ಮಾತ್ರ ಅಂಕಿಗಳು ಹೇಳುವುದಿಲ್ಲ, ಅದಕ್ಕೆ ಹಸ್ತಪ್ರತಿಯೇ ಬೇಕು.

ಕಾಯಿಗಳೂ ಒಂದು ರೀತಿಯ ದಾಖಲೆಯೇ. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಲೇತ್‌ಗೆ ಕೊಟ್ಟು ಅರಗಿನ ಬಣ್ಣ ಹಾಕುವುದನ್ನು ನೋಡಿದವರಿಗೆ ಗೊತ್ತು, ರಾಜ, ಮಂತ್ರಿ, ಪದಾತಿ ಲೇತ್‌ನಲ್ಲೇ ಆಗುತ್ತವೆ, ಕುದುರೆಯ ಮುಖಕ್ಕೆ ಕೈಕೆತ್ತನೆ ಬೇಕು.

ಇನ್ನು ದೇಸಿ ನಿಯಮ. ನಮ್ಮ ದಾದಾ ಪ್ಯಾದಾವನ್ನು ಮೊದಲ ಸಲವೂ ಒಂದೇ ಮನೆ ನಡೆಸುತ್ತಾರೆ, ರಾಜನಿಗೆ ಒಂದು ಸಲ ಘೋಡಾದ ನಡೆ ಕೊಡುತ್ತಾರೆ. ಬ್ಯಾನರ್ಜಿಯಂಥವರು ಪದಾತಿಗಳನ್ನು ನಿಧಾನವಾಗಿ ಏರಿಸುತ್ತಿದ್ದುದಕ್ಕೆ ಇಂಥ ನಿಯಮದ ರೂಢಿಯೇ ಕಾರಣವಿರಬಹುದು ಎಂದು ನನಗನಿಸುತ್ತದೆ. ರಾಮನಗರ, ಕನಕಪುರ, ಮಾಗಡಿ ಕಡೆಯಿಂದ ಬರುವವರು ಮನೆಯ ಹಿರಿಯರನ್ನು ಕೇಳಿ: ಪದಾತಿ ಎಷ್ಟು ಮನೆ? ರಾಜನಿಗೆ ಕುದುರೆ ನಡೆ ಉಂಟೆ? ಯಾರಿಂದ ಕಲಿತಿರಿ? ಹೇಳಿದವರ ಹೆಸರು, ವಯಸ್ಸು, ಊರು, ಕೇಳಿದ ತಾರೀಖು ಬರೆದು ಸಂಪಾದಕ ಮಂಡಳಿಗೆ ಕೊಡಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ. ತಾರೀಖು ಇಲ್ಲದ ಚೀಟಿಯನ್ನು ನಾನು ವಾಪಸ್ ಕಳಿಸುತ್ತೇನೆ.