ಧೂಳುದಾರಿಯ ಡೀಸೆಲ್ ಲಾರಿಗೆ ಏರ್ ಫಿಲ್ಟರ್ ಮತ್ತು ಆಯಿಲ್ ಫಿಲ್ಟರುಗಳ ಆಯ್ಕೆ

ಸ್ವಂತ ಪಿಕಪ್ ಅಥವಾ ಮಿನಿ ಲಾರಿ ಇಟ್ಟುಕೊಂಡಿರುವ ಸದಸ್ಯರು ಸಂಘದ ಕಚೇರಿಗೆ ಬಂದಾಗ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ: "ಹೆಚ್ಚು ಗಾಳಿ ಬಿಡುವ ಫಿಲ್ಟರ್ ಹಾಕಿಸಿದರೆ ಎಳೆತ ಹೆಚ್ಚುತ್ತದೆ ಎನ್ನುತ್ತಾರೆ, ಹಾಕಿಸೋಣವೇ?" ಕೊಳಾಲ ಸೀಮೆಯ ಬೆಳೆಗಾರರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಅಡಿಕೆಯನ್ನು ಮಂಡಿಗೆ ಮುಟ್ಟಿಸುವುದೂ, ಬೇಸಿಗೆಯಲ್ಲಿ ತೋಟಕ್ಕೆ ಕೆರೆಗೋಡು ಹೊಡೆಯುವುದೂ ಇದೇ ವಾಹನ. ಎಂಜಿನ್ ಬೋರಿಗೆ ಬಂದರೆ ಸಣ್ಣ ತೋಟದ ಒಂದು ಕೊಯ್ಲಿನ ಉಳಿತಾಯ ಅದರಲ್ಲೇ ಕರಗಿಹೋಗುತ್ತದೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ನಮ್ಮ ದಾರಿಗಳಲ್ಲಿ ಹಣ ಹಾಕಬೇಕಾದುದು ಧೂಳನ್ನು ಚೆನ್ನಾಗಿ ತಡೆಯುವ ವ್ಯವಸ್ಥೆಗೆ. ಅದರಲ್ಲಿಯೂ ಮೊದಲು ಸೋರಿಕೆ ಮುಚ್ಚುವುದಕ್ಕೆ. ಕಾರಣಗಳನ್ನು ಕ್ರಮವಾಗಿ ನೋಡೋಣ.

ನಮ್ಮ ಧೂಳು ಎಂಥದು?

ರಾಮನಗರ, ಮಾಗಡಿಗಳ ಕಡೆಯಿಂದ ಉತ್ತರಕ್ಕೆ ಮಧುಗಿರಿ, ಪಾವಗಡಗಳತ್ತ ಹಬ್ಬಿರುವ ಗ್ರಾನೈಟ್ ಬಂಡೆಯ ಪಟ್ಟಿಯನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಬಂದ ಹೆಸರು ಇದು. ಇಂಥ ಬಂಡೆಗಳು ಕಾಲಾಂತರದಲ್ಲಿ ಸವೆದು ಆದುದೇ ನಮ್ಮ ಮರಳು ಮಿಶ್ರಿತ ಕೆಂಪು ಮಣ್ಣು. ಅದರ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಗಡಸುತನದ ಮೋಸ್ ಮಾನದಲ್ಲಿ ಬೆಣಚಿನ ಸ್ಥಾನ 7. ಸಾಧಾರಣ ಚಾಕುವಿನ ಉಕ್ಕಿನದು ಸುಮಾರು ಐದೂವರೆ. ಪಿಸ್ಟನ್ ರಿಂಗಿಗೂ ಲೈನರಿಗೂ ನಡುವೆ ಈ ಕಣ ಸಿಕ್ಕಿಕೊಂಡರೆ ಉಪ್ಪುಕಾಗದದಂತೆ ಉಜ್ಜುತ್ತದೆ.

ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಎಂಜಿನ್ನಿಗೆ ಹೆಚ್ಚು ಕೇಡು ಮಾಡುವುದು ಸುಮಾರು 5ರಿಂದ 20 ಮೈಕ್ರಾನಿನ, ಬಿಡಿಯಾಗಿ ಕಣ್ಣಿಗೆ ಕಾಣದ ಕಣ. ಆದ್ದರಿಂದ ಫಿಲ್ಟರನ್ನು ಬೆಳಕಿಗೆ ಹಿಡಿದು "ತೂತಿಲ್ಲ, ಚೆನ್ನಾಗಿದೆ" ಎನ್ನುವುದರಿಂದ ಪೂರ್ಣ ಸತ್ಯ ತಿಳಿಯುವುದಿಲ್ಲ.

ಗಾಳಿಯ ಲೆಕ್ಕ

ಮೂರು ಲೀಟರ್ ಸಾಮರ್ಥ್ಯದ ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಸಾಮರ್ಥ್ಯದಷ್ಟು ಗಾಳಿ ಎಳೆಯುತ್ತದೆ. ನಿಮಿಷಕ್ಕೆ 2000 ಸುತ್ತಿದ್ದರೆ ಸುಮಾರು 3000 ಲೀಟರ್, ಗಂಟೆಗೆ 180 ಘನ ಮೀಟರ್. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಆರು ಕೋಣೆಗಳ ಗಾಳಿಗಿಂತಲೂ ಇದು ಹೆಚ್ಚು. ಟರ್ಬೊ ಇದ್ದರೆ ಇನ್ನೂ ಹೆಚ್ಚು.

ಈಗ ಫಿಲ್ಟರಿನ ಲೆಕ್ಕ. ಒಂದು ಬೇಸಿಗೆಯಲ್ಲಿ ಫಿಲ್ಟರಿಗೆ 100 ಗ್ರಾಂ ಧೂಳು ಬಂತೆಂದು ಭಾವಿಸೋಣ. ಶೇಕಡ 99ರಷ್ಟು ತಡೆಯುವ ಫಿಲ್ಟರಿನ ಮೂಲಕ 1 ಗ್ರಾಂ ಒಳಕ್ಕೆ ಹೋಗುತ್ತದೆ, ಶೇಕಡ 99.9ರಷ್ಟು ತಡೆಯುವುದರ ಮೂಲಕ ಗ್ರಾಮಿನ ಹತ್ತನೇ ಒಂದು ಪಾಲು. ಡಬ್ಬಿಯ ಮೇಲೆ ಒಂದಂಶಕ್ಕೂ ಕಡಿಮೆಯಾಗಿ ಕಾಣುವ ವ್ಯತ್ಯಾಸ ಎಂಜಿನ್ನಿನ ಒಳಗೆ ಹತ್ತು ಪಟ್ಟು. ಏರ್ ಫಿಲ್ಟರ್ ಪರೀಕ್ಷೆಗೆ ಐಎಸ್ಒ 5011 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಆ ಪರೀಕ್ಷೆಯ ಅಂಕಿ ತೋರಿಸಲಾರದ ಮಾಲಿಗೆ ಹೆಚ್ಚು ಹಣ ಕೊಡಬೇಡಿ.

ಏರ್ ಫಿಲ್ಟರುಗಳ ಬಗೆ

ಹಳೆಯ ಲಾರಿ, ಟ್ರಾಕ್ಟರುಗಳಲ್ಲಿರುವುದು ಎಣ್ಣೆ ಬಟ್ಟಲಿನ ಏರ್ ಕ್ಲೀನರ್. ಗಾಳಿ ಎಣ್ಣೆಗೆ ತಾಕಿ ತಿರುಗುವಾಗ ಧೂಳು ಅದರಲ್ಲಿ ಉಳಿಯುತ್ತದೆ. ಕೆರೆಯಂತೆ ಈ ಬಟ್ಟಲಿನಲ್ಲೂ ಹೂಳು ತುಂಬುತ್ತದೆ. ತೆಗೆಯದಿದ್ದರೆ ಕೆಲಸ ನಿಲ್ಲುತ್ತದೆ. ಎಣ್ಣೆ ಗುರುತಿನ ಮಟ್ಟಕ್ಕಿರಬೇಕು. ಹೆಚ್ಚಾದರೆ ಎಂಜಿನ್ ಎಣ್ಣೆಯನ್ನೇ ಎಳೆದುಕೊಂಡು ಹತೋಟಿ ತಪ್ಪಿ ಓಡುವ ಅಪಾಯವಿದೆ.

ಈಗಿನ ವಾಹನಗಳಲ್ಲಿರುವುದು ಒಣ ಕಾಗದದ ಫಿಲ್ಟರ್. ನಮ್ಮ ದಾರಿಗೆ ಇದೇ ಯೋಗ್ಯ. ಮೇಲೆ ತೆಳುವಾಗಿ ಕೂತ ಧೂಳಿನ ಪದರವೂ ಹೊಸ ಧೂಳನ್ನು ತಡೆಯುವುದರಿಂದ ದಿನವೂ ಬಿಚ್ಚಿ ಕೊಡಹುವುದು ತಪ್ಪು. ನೆಲಕ್ಕೆ ಬಡಿದರೆ, ಕಂಪ್ರೆಸರ್ ಗಾಳಿಯನ್ನು ಹತ್ತಿರದಿಂದ ರಭಸವಾಗಿ ಬಿಟ್ಟರೆ ಕಾಗದ ಹರಿಯುತ್ತದೆ, ಅಂಚಿನ ಸೀಲ್ ಸೊಟ್ಟಗಾಗುತ್ತದೆ. ಒಳಗೆ ಎರಡನೆಯ ಸಣ್ಣ ಫಿಲ್ಟರ್ ಇದ್ದರೆ ಅದನ್ನು ಶುಚಿ ಮಾಡಲೇಬಾರದು, ಬದಲಿಸಬೇಕು. ಮಲೆನಾಡಿನ ಕಾಫಿ ಬೆಳೆಗಾರ ಸದಸ್ಯರು ಮಳೆಗಾಲದಲ್ಲಿ ಕಾಗದ ನೆನೆಯದಂತೆ ಗಾಳಿಯ ಬಾಯಿಯನ್ನು ನೋಡಿಕೊಳ್ಳಬೇಕು.

ಮೂರನೆಯದು ಎಣ್ಣೆ ಸವರಿದ ಹತ್ತಿಬಟ್ಟೆಯ, ತೊಳೆದು ಮತ್ತೆ ಬಳಸುವ ಫಿಲ್ಟರ್. "ಹೆಚ್ಚು ಗಾಳಿ" ಎಂದು ಮಾರುವುದು ಬಹುಪಾಲು ಇದನ್ನೇ. ಗಾಳಿ ಸಲೀಸಾಗಿ ಹೋಗುವ ಕಡೆ ಸಣ್ಣ ಧೂಳೂ ಹೋಗಬಲ್ಲದು. ಎಣ್ಣೆ ಹೆಚ್ಚಾಗಿ ಸವರಿದರೆ ಹೊಸ ವಾಹನಗಳಲ್ಲಿ ಗಾಳಿ ಅಳೆಯುವ ಸೆನ್ಸರಿಗೆ ಅಂಟುತ್ತದೆ. ಡೀಸೆಲ್ ಎಂಜಿನ್ನಿನ ಶಕ್ತಿ ಒಳಹೋಗುವ ಡೀಸೆಲಿನ ಪ್ರಮಾಣದ ಮೇಲೆ ನಿಂತಿದೆ. ಶುಚಿಯಾದ ಮೂಲ ಫಿಲ್ಟರ್ ಬಿಡುವ ಗಾಳಿ ಅದಕ್ಕೆ ಸಾಲುತ್ತದೆ. ಮೇಲೆ ಗಾಳಿ ಹೆಚ್ಚಿದ ಮಾತ್ರಕ್ಕೆ ಎಳೆತ ಹೆಚ್ಚುವುದಿಲ್ಲ. ಎಳೆತ ತಗ್ಗಿ ಕರಿಹೊಗೆ ಬಂದರೆ ಮೊದಲು ಫಿಲ್ಟರ್ ಕಟ್ಟಿದೆಯೇ ನೋಡಿ.

ಗೋಡು, ಜಲ್ಲಿ ಹೊಡೆಯುವ ವಾಹನಕ್ಕೆ ನಿಜವಾದ ಸುಧಾರಣೆ ಎಂದರೆ ಪ್ರಿ ಕ್ಲೀನರ್. ಗಾಳಿಯನ್ನು ಸುಳಿಯಂತೆ ತಿರುಗಿಸಿ ದಪ್ಪ ಧೂಳಿನ ಬಹುಪಾಲನ್ನು ಫಿಲ್ಟರಿಗೆ ಮುಟ್ಟುವ ಮೊದಲೇ ಇದು ಬೇರ್ಪಡಿಸುತ್ತದೆ.

ಸೋರಿಕೆಯೇ ದೊಡ್ಡ ಶತ್ರು

ಫಿಲ್ಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಹೋಸ್ ಬಿರಿದಿದ್ದರೆ, ಕ್ಲಿಪ್ ಸಡಿಲವಿದ್ದರೆ ಎಷ್ಟು ಬೆಲೆಯ ಫಿಲ್ಟರ್ ಇದ್ದರೂ ವ್ಯರ್ಥ. ಪರೀಕ್ಷೆ ಸುಲಭ. ಎಂಜಿನ್ ನಿಲ್ಲಿಸಿ, ಫಿಲ್ಟರಿನ ಆಚೆಯ ಹೋಸ್ ಬಿಚ್ಚಿ, ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕೆಂಧೂಳು ಹತ್ತಿದರೆ ಧೂಳು ಒಳನುಗ್ಗುತ್ತಿದೆ ಎಂದೇ ಅರ್ಥ. ಫಿಲ್ಟರ್ ಡಬ್ಬಿಯ ಕೆಳಗೆ ಧೂಳು ಉದುರುವ ರಬ್ಬರ್ ವಾಲ್ವ್ ಇದ್ದರೆ ಅದು ಹರಿದಿಲ್ಲವೆಂದು ನೋಡಿ, ಆಗಾಗ ಹಿಂಡಿ ಧೂಳು ಬಿಡಿ.

ಆಯಿಲ್ ಫಿಲ್ಟರ್

ಮಾಮೂಲು ಆಯಿಲ್ ಫಿಲ್ಟರಿನಲ್ಲಿ ಪಂಪಿನಿಂದ ಬೇರಿಂಗುಗಳಿಗೆ ಹೋಗುವ ಎಣ್ಣೆಯೆಲ್ಲ ಸೋಸಿ ಹೋಗುತ್ತದೆ. ಫಿಲ್ಟರ್ ಕಟ್ಟಿದರೆ ಬೈಪಾಸ್ ವಾಲ್ವ್ ತೆರೆದು ಸೋಸದ ಎಣ್ಣೆಯೇ ಹೋಗುತ್ತದೆ. ಎಣ್ಣೆ ಇಲ್ಲದಿರುವುದಕ್ಕಿಂತ ಕೊಳೆ ಎಣ್ಣೆ ವಾಸಿ ಎಂಬುದು ಇದರ ಉದ್ದೇಶ. ಆದ್ದರಿಂದ ಗೊತ್ತಾದ ಅವಧಿ ಮೀರಿ ಓಡಿಸಿದ ಫಿಲ್ಟರ್, ಫಿಲ್ಟರೇ ಇಲ್ಲದ ಸ್ಥಿತಿಗೆ ಸಮ. ಇದೇ ಜಾಗಕ್ಕೆ ಅತಿ ನಯವಾದ ಜಾಳಿಗೆಯ ಫಿಲ್ಟರ್ ಹಾಕಿದರೂ ಹರಿವು ತಡೆದು ವಾಲ್ವ್ ಬೇಗ ತೆರೆಯುತ್ತದೆ.

ಡಬ್ಬಿಯ ಮೇಲಿನ "20 ಮೈಕ್ರಾನ್" ಎಂಬ ಬರಹವನ್ನು ಮಾತ್ರ ನಂಬಬೇಡಿ. ಬೀಟಾ ಎಂಬ ಅಂಕಿ ಕೇಳಿ. ಬೀಟಾ 2 ಎಂದರೆ ಆ ಗಾತ್ರದ ಎರಡು ಕಣಗಳಲ್ಲಿ ಒಂದು ನುಸುಳುತ್ತದೆ. ಬೀಟಾ 75 ಎಂದರೆ ಎಪ್ಪತ್ತೈದರಲ್ಲಿ ಒಂದು. ಎರಡೂ ಡಬ್ಬಿಗಳ ಮೇಲೆ 20 ಮೈಕ್ರಾನ್ ಎಂದೇ ಇರಬಹುದು.

ಎಣ್ಣೆಯ ಸ್ವಲ್ಪ ಭಾಗವನ್ನು ಬೇರೆ ಹಾದಿಯಲ್ಲಿ ಹರಿಸಿ ಬಹಳ ನಯವಾಗಿ ಸೋಸುವ ಬೈಪಾಸ್ ಫಿಲ್ಟರ್ ಒಳ್ಳೆಯದೇ. ಆದರೆ ಎಣ್ಣೆಗೆ ಬೆರೆತ ಡೀಸೆಲನ್ನು ಅದು ತೆಗೆಯಲಾರದು, ಸವೆದ ರಾಸಾಯನಿಕಗಳನ್ನು ಮರಳಿ ಕೊಡಲಾರದು. ವರ್ಷವಿಡೀ ದೂರದ ಬಾಡಿಗೆಗೆ ಓಡುವ ದೊಡ್ಡ ಲಾರಿಗೆ ಖರ್ಚು ಹುಟ್ಟಬಹುದು. ತೋಟದ ಪಿಕಪ್ಪಿಗೆ ಸಕಾಲದಲ್ಲಿ ಎಣ್ಣೆ ಬದಲಿಸುವುದೇ ಅಗ್ಗ.

1-4-2020ರಿಂದ ಮಾರಾಟಕ್ಕೆ ಬಂದ ಬಿಎಸ್ 6 ವಾಹನಗಳ ಮಾಲೀಕರು, ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದ್ದರೆ, ಕೈಪಿಡಿ ಹೇಳಿದ ಕಡಿಮೆ ಬೂದಿಯ ಎಣ್ಣೆಯನ್ನೇ ಹಾಕಬೇಕು. ಗ್ಯಾರಂಟಿ ಅವಧಿಯಲ್ಲಿ ಮೂಲ ಜೋಡಣೆಯನ್ನು ಕಂಪನಿಯವರನ್ನು ಕೇಳದೆ ಬದಲಿಸಬಾರದು.

ಹಣ ಹಾಕುವ ಕ್ರಮ

1. ಹೋಸ್, ಕ್ಲಿಪ್, ಸೀಲುಗಳ ದುರಸ್ತಿ.
2. ಕಂಪನಿ ಸೂಚಿಸಿದ ದರ್ಜೆಯ ಕಾಗದದ ಏರ್ ಫಿಲ್ಟರ್ ಮತ್ತು ಫಿಲ್ಟರ್ ಕಟ್ಟಿದುದನ್ನು ತೋರಿಸುವ ಸೂಚಕ.
3. ಸರಿಯಾದ ಎಣ್ಣೆ, ಸರಿಯಾದ ಆಯಿಲ್ ಫಿಲ್ಟರ್, ಎರಡನ್ನೂ ಒಟ್ಟಿಗೆ ಬದಲಿಸುವುದು.
4. ಗೋಡು, ಜಲ್ಲಿ ಹೊಡೆಯುವವರಿಗೆ ಪ್ರಿ ಕ್ಲೀನರ್.
5. ಸಂಶಯವಿದ್ದರೆ ಹಳೆಯ ಎಣ್ಣೆಯ ಪರೀಕ್ಷೆ. ಸಿಲಿಕಾನ್ ಅಂಶ ಏರಿದ್ದರೆ ಧೂಳು ಹೊಕ್ಕಿರುವ ಸಂಭವ; ಜೊತೆಗೆ ಕಬ್ಬಿಣವೂ ಏರಿದ್ದರೆ ಲೈನರ್ ಸವೆಯುತ್ತಿರಬಹುದು.
6. ಬೈಪಾಸ್ ಫಿಲ್ಟರ್ ಕಡೆಯದು.

ಸದಸ್ಯರು ವಾಹನದಲ್ಲಿ ಒಂದು ಪುಸ್ತಕ ಇಟ್ಟು, ಫಿಲ್ಟರ್ ಮತ್ತು ಎಣ್ಣೆ ಬದಲಿಸಿದ ತಾರೀಖನ್ನೂ ಕಿಲೋಮೀಟರನ್ನೂ ಬರೆಯಬೇಕಾಗಿ ಕೋರುತ್ತೇವೆ. ಗೋಡಿನ ಕೆಲಸ ಆರಂಭಿಸುವ ಮುನ್ನ ಒಮ್ಮೆ, ಮುಗಿದ ಮೇಲೆ ಒಮ್ಮೆ ಬಿಳಿ ಬಟ್ಟೆಯ ಪರೀಕ್ಷೆಯನ್ನು ತಪ್ಪದೆ ಮಾಡಿರಿ.