ಲಿಂಕ್ ಕಳಿಸುವ ಮುಂಚೆ ಒಂದು ಮಾತು

ಆದಿತ್ಯನಗರದ ಮಕ್ಕಳೇ, ಸೇಡಂ, ವಾಡಿ, ಚಿಂಚೋಳಿ ಕಡೆಯವರೇ, ನಿಮ್ಮ ಮನಸ್ಸು ಕೆಟ್ಟದ್ದಲ್ಲ, ಬೆರಳಿಗೆ ಅವಸರ ಜಾಸ್ತಿ. ಸ್ವಲ್ಪ ಕೇಳಿ.

• ಶುಕ್ರವಾರ ಬಿಡುಗಡೆಯಾದ ಸಿನಿಮಾದ ಲಿಂಕ್ ಸಂಜೆಗೇ ಗ್ರೂಪಿಗೆ ಬಂತೇ? ಮುಂದಕ್ಕೆ ತಳ್ಳಬೇಡಿ. ‘ಫೈಲ್ ನನ್ನದಲ್ಲ, ಬರೀ ಲಿಂಕ್ ಕೊಟ್ಟೆ’ ಅಂದರೆ ಬಿಡುಗಡೆ ಸಿಗುತ್ತದೆ ಅಂದುಕೊಳ್ಳಬೇಡಿ. ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಂ ಗೊತ್ತಿದ್ದೂ ನೆರವಾದವರನ್ನೂ ಹಿಡಿಯುತ್ತದೆ: 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಲಾಭಕ್ಕೆ ಮಾಡಿದ್ದಲ್ಲ ಎಂದರೆ ಕೋರ್ಟು ಇಳಿಸಬಹುದು. ಟಿಕೆಟ್ಟಿನ ದುಡ್ಡು ಉಳಿಸಲು ಅಲ್ಲಿಯವರೆಗೆ ಹೋಗಬೇಕೇ?

• ಥಿಯೇಟರಿನಲ್ಲಿ ಮೊಬೈಲ್ ಜೇಬಿನಲ್ಲೇ ಇರಲಿ. ಪರದೆಯನ್ನು ಚಿತ್ರೀಕರಿಸುವುದು 2023ರ ತಿದ್ದುಪಡಿಯಿಂದ ಬೇರೆಯದೇ ಅಪರಾಧ.

• ಲಿಂಕ್ ಪಟ್ಟಿ ಮಾಡಿ ಜಾಹೀರಾತಿನಿಂದ ಗಳಿಸುವ ಆಸೆ ಬಿಡಿ. ನಮ್ಮ ರಾಜ್ಯದ ಗೂಂಡಾ ಕಾಯ್ದೆಗೆ 2014ರಲ್ಲಿ ಡಿಜಿಟಲ್ ಪೈರಸಿಯವರನ್ನೂ ಸೇರಿಸಿದ್ದಾರೆ. ವಿಚಾರಣೆಗೆ ಮೊದಲೇ ಒಂದು ವರ್ಷದವರೆಗೆ ಒಳಗಿಡಬಹುದು. ತಾಣದ ಹೆಸರು ಬದಲಿಸಿ ಮತ್ತೆ ತೆರೆದರೂ ಉಳಿಯದು. ದೆಹಲಿ ಹೈಕೋರ್ಟು 2019ರಲ್ಲೇ ಹೊಸ ಹೆಸರಿನ ನಕಲು ತಾಣಗಳನ್ನೂ ಮುಚ್ಚಿಸುವ ದಾರಿ ತೋರಿಸಿದೆ.

• ಕೋಚಿಂಗ್ ನೋಟ್ಸಿನ ಪಿಡಿಎಫ್ ಟೆಲಿಗ್ರಾಂಗೆ ಹಾಕಬೇಡಿ. ಅಡ್ಡಹೆಸರು ಕಾಪಾಡುವುದಿಲ್ಲ: ಪಾಠ ಬರೆದ ಶಿಕ್ಷಕಿಯೊಬ್ಬರು ದೆಹಲಿ ಹೈಕೋರ್ಟಿಗೆ ಹೋದಾಗ, ಚಾನೆಲ್ ನಡೆಸುವವರ ಫೋನ್ ನಂಬರ್ ಕೊಡಿ ಎಂದು ಅದೇ ಕೋರ್ಟು 2022ರಲ್ಲಿ ಟೆಲಿಗ್ರಾಂಗೆ ಹೇಳಿತು. ಪರೀಕ್ಷೆ ಕಟ್ಟಿದ ಹುಡುಗ ಸ್ಟೇಷನ್ ಮೆಟ್ಟಿಲು ಹತ್ತಬಾರದು, ಅದೇ ನನ್ನ ಹೆದರಿಕೆ.

• ‘ಹಳೇ ಪುಸ್ತಕ, ಯಾರು ಕೇಳ್ತಾರೆ’ ಅನ್ನಬೇಡಿ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಡಿವಿಜಿ ಹೋದದ್ದು 1975ರಲ್ಲಿ, ಹಾಗಾಗಿ ಕಗ್ಗದ ಪಿಡಿಎಫ್ 2035 ಮುಗಿಯುವವರೆಗೆ ಹಂಚುವಂತಿಲ್ಲ. ನಮ್ಮ ಪಕ್ಕದ ಮಳಖೇಡದ ಅರಸರ ಕಾಲದ ಕವಿರಾಜಮಾರ್ಗ ಎಲ್ಲರದು. ಆದರೆ ಈಚಿನ ವಿದ್ವಾಂಸರು ಕಣ್ಣು ಸವೆಸಿ ಬರೆದ ಅದರ ವಿವರಣೆ ಅವರದು. ಅಷ್ಟು ವ್ಯತ್ಯಾಸ ನೋಡಿಕೊಳ್ಳಿ.

• ಪುಕ್ಕಟೆ ಬೇಕಾದರೆ ನೆಟ್ಟಗಿನ ದಾರಿ ಹಿಡಿಯಿರಿ. ನಿಘಂಟಿಗೆ ಭಾರತವಾಣಿ ಇದೆ, ಶಾಲೆಯ ಪುಸ್ತಕಕ್ಕೆ ಕರ್ನಾಟಕ ಪಠ್ಯಪುಸ್ತಕ ಸಂಘವಿದೆ. ಅಲ್ಲಿ ವೈರಸ್ಸಿನ ಕಾಟವೂ ಇಲ್ಲ.

• ನಿಮ್ಮ ಭಜನಾ ಮಂಡಳಿಯ ರೆಕಾರ್ಡಿಂಗ್ ಯಾರೋ ಎತ್ತಿ ಹಾಕಿದರೆ ಸುಮ್ಮನೆ ಕೂರಬೇಡಿ. ತಾಣದವರಿಗೆ ಲಿಖಿತ ದೂರು ಕೊಡಿ, 36 ಗಂಟೆಯೊಳಗೆ ತಡೆಯಬೇಕು. ಕೋರ್ಟಿನ ಆದೇಶ ತರಲು ನಿಮಗೆ 21 ದಿನ, ತಪ್ಪಿದರೆ ಅವರು ಮತ್ತೆ ತೆರೆಯಬಹುದು. ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

• ಇವತ್ತು ಊಟವಾದ ಮೇಲೆ ಫೋನ್ ತೆಗೆದು, ನೀವೇ ಹಾಕಿದ ಹಳೇ ಲಿಂಕ್‌ಗಳನ್ನು ಅಳಿಸಿ. ನಾಳೆಗೆ ಇಡಬೇಡಿ, ಮರೆತುಬಿಡುತ್ತೀರಿ.