ಪೌರಸಭೆಯ ಮುಂದೆ ಬಡಾವಣೆಯ ಅಹವಾಲು: ವರ್ತಕರು ಅರಿತಿರಬೇಕಾದ ಕ್ರಮ

ಪೇಟೆಯ ಚರಂಡಿ ಕಟ್ಟಿಕೊಂಡರೆ ಮೊದಲು ನಷ್ಟಕ್ಕೊಳಗಾಗುವವನು ಅಲ್ಲಿನ ವರ್ತಕ. ಬೀದಿದೀಪ ಆರಿದರೆ ಸಂಜೆಯ ವ್ಯಾಪಾರ ಕುಂದುತ್ತದೆ. ರಸ್ತೆ ಹದಗೆಟ್ಟರೆ ಸರಕಿನ ಲಾರಿ ಗೋದಾಮಿನವರೆಗೆ ಬಾರದು. ಹೀಗಿದ್ದರೂ ಸ್ಥಳೀಯ ಸಂಸ್ಥೆಗಳಲ್ಲಿ ವರ್ತಕ ಸಮುದಾಯದ ದನಿಗೆ ತಕ್ಕ ಮನ್ನಣೆ ದೊರೆಯುವುದು ವಿರಳ. ಇದಕ್ಕೆ ಕಾರಣವೂ ಉಂಟು. ಅಂಗಡಿ ಒಂದು ವಾರ್ಡಿನಲ್ಲಿ, ಮನೆ ಮತ್ತೊಂದು ವಾರ್ಡಿನಲ್ಲಿ ಇರುವುದು ಸಾಮಾನ್ಯ. ಪರವಾನಗಿ ಶುಲ್ಕ ಕಟ್ಟುವುದು ಅಂಗಡಿಯಿರುವೆಡೆ; ಮತವಿರುವುದು ಮನೆಯಿರುವೆಡೆ. ಆದುದರಿಂದ ಅಂಗಡಿಯಿರುವ ವಾರ್ಡಿನ ಸದಸ್ಯರ ಲೆಕ್ಕದಲ್ಲಿ ವರ್ತಕನು ಮತದಾರನಲ್ಲ. ಈ ಕೊರತೆಯನ್ನು ತುಂಬಿಕೊಳ್ಳಲು ಕ್ರಮಬದ್ಧವಾದ ಅಹವಾಲು ಮತ್ತು ನಿವಾಸಿಗಳೊಡನೆ ಹೊಂದಾಣಿಕೆ ಎರಡೂ ಅವಶ್ಯ.

ಅಹವಾಲು ಯಾರಿಗೆ ಸಲ್ಲಬೇಕು?

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ನಗರ ಸ್ಥಳೀಯ ಸಂಸ್ಥೆಗಳಿಗೆ ಸಾಂವಿಧಾನಿಕ ಸ್ಥಾನ ನೀಡಿತು. ಅದರ ಮೂಲಕ ಸೇರಿದ ಹನ್ನೆರಡನೇ ಅನುಸೂಚಿಯಲ್ಲಿ 18 ವಿಷಯಗಳಿದ್ದು, ರಸ್ತೆ, ನೀರು ಸರಬರಾಜು, ನೈರ್ಮಲ್ಯ, ಬೀದಿದೀಪ, ವಾಹನ ನಿಲುಗಡೆ ಇವೆಲ್ಲ ಅವುಗಳಲ್ಲಿ ಸೇರಿವೆ. ಕರ್ನಾಟಕದಲ್ಲಿ ಪಟ್ಟಣ ಪಂಚಾಯಿತಿ, ಪುರಸಭೆ ಮತ್ತು ನಗರಸಭೆಗಳಿಗೆ 1964ರ ಪುರಸಭೆಗಳ ಕಾಯ್ದೆಯೂ ಬೆಂಗಳೂರಿನ ಹೊರಗಿನ ಮಹಾನಗರ ಪಾಲಿಕೆಗಳಿಗೆ 1976ರ ಕಾಯ್ದೆಯೂ ಅನ್ವಯಿಸುತ್ತವೆ. ಬೆಂಗಳೂರಿಗೆ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಿದ್ದು, ಅದರನ್ವಯ 2025ರಲ್ಲಿ ಐದು ನಗರ ಪಾಲಿಕೆಗಳು ರಚನೆಯಾದವು.

ಎಲ್ಲ ದೂರುಗಳೂ ಪೌರಸಭೆಗೆ ಸೇರಿದವಲ್ಲವೆಂಬುದನ್ನು ಮರೆಯಬಾರದು. ರಾಜ್ಯ ಹೆದ್ದಾರಿಯ ಹೊಂಡ ಲೋಕೋಪಯೋಗಿ ಇಲಾಖೆಗೆ, ವಿದ್ಯುತ್ ವ್ಯತ್ಯಯ ವಿದ್ಯುತ್ ಸರಬರಾಜು ಕಂಪನಿಗೆ, ಬೆಂಗಳೂರಿನ ಒಳಚರಂಡಿ ಜಲಮಂಡಳಿಗೆ ಸಂಬಂಧಿಸಿದ್ದು. ಕೈಗಾರಿಕಾ ಪ್ರದೇಶದ ಘಟಕಗಳು ತಮ್ಮ ರಸ್ತೆಯ ನಿರ್ವಹಣೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯಲ್ಲಿದೆಯೋ, ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗಿದೆಯೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ತಪ್ಪು ಕಚೇರಿಗೆ ಹೋದ ಅರ್ಜಿ ತಿಂಗಳುಗಟ್ಟಲೆ ಮೇಜಿನಿಂದ ಮೇಜಿಗೆ ಸಾಗುತ್ತದೆ.

ಸಭೆಯೊಳಗೆ ಪ್ರವೇಶಿಸುವ ಬಗೆ

ಪೌರಸಭೆಯ ಸಾಮಾನ್ಯ ಸಭೆಯಲ್ಲಿ ಮಾತನಾಡುವ ಹಕ್ಕು ಸದಸ್ಯರದು. ಪ್ರೇಕ್ಷಕರ ಸಾಲಿನಲ್ಲಿ ಕುಳಿತವರಿಗೆ ಅದು ಇಲ್ಲ. ಆದುದರಿಂದ ಸಭೆಯ ದಿನ ಗುಂಪುಗೂಡಿ ಹೋಗುವುದಕ್ಕಿಂತ, ಕಾರ್ಯಸೂಚಿ ಸಿದ್ಧವಾಗುವ ಮೊದಲೇ ವಾರ್ಡಿನ ಸದಸ್ಯರಿಗೂ ಆಡಳಿತದ ಮುಖ್ಯಸ್ಥರಿಗೂ ಲಿಖಿತ ಮನವಿ ಸಲ್ಲಿಸುವುದು ಫಲಕಾರಿ. ಪುರಸಭೆಯಲ್ಲಿ ಮುಖ್ಯಾಧಿಕಾರಿ, ನಗರಸಭೆಯಲ್ಲಿ ಪೌರಾಯುಕ್ತ, ಪಾಲಿಕೆಯಲ್ಲಿ ಆಯುಕ್ತರು ಆ ಮುಖ್ಯಸ್ಥರು. ಚುನಾಯಿತ ಮಂಡಳಿಯ ಅವಧಿ ಮುಗಿದು ಆಡಳಿತಾಧಿಕಾರಿಯ ನೇಮಕವಾಗಿದ್ದರೆ ಮನವಿ ಅವರಿಗೇ ಸಲ್ಲಬೇಕು.

ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ಅವುಗಳಲ್ಲಿ ನಿವಾಸಿಗಳ ಸಂಘಗಳಿಗೆ ಪ್ರಾತಿನಿಧ್ಯವುಂಟು. ವರ್ತಕರ ಸಂಘವು ನಿವಾಸಿಗಳ ಸಂಘದೊಡನೆ ಕೂಡಿ ವಿಷಯವನ್ನು ಅಲ್ಲಿ ಮಂಡಿಸಿದರೆ ಮತದಾರರ ಬಲವೂ ತೆರಿಗೆದಾರರ ಬಲವೂ ಒಂದಾಗುತ್ತವೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ವಯ ರಚಿಸಬೇಕಾದ ಪಟ್ಟಣ ವ್ಯಾಪಾರ ಸಮಿತಿಯಲ್ಲಿಯಾದರೋ ವರ್ತಕರ ಸಂಘಗಳಿಗೂ ಸ್ಥಾನವಿದೆ. ಪಾದಚಾರಿ ಮಾರ್ಗದ ವಿವಾದಗಳನ್ನು ಬೀದಿಯಲ್ಲಿ ಬೆಳೆಸದೆ ಈ ಸಮಿತಿಯಲ್ಲಿ ಇತ್ಯರ್ಥಪಡಿಸಿಕೊಳ್ಳುವುದು ಉಚಿತ.

ಅಹವಾಲಿನ ಸ್ವರೂಪ

1. ಒಂದು ಮನವಿಯಲ್ಲಿ ಒಂದೇ ವಿಷಯವಿರಲಿ. ಚರಂಡಿ, ನಾಯಿ ಕಾಟ, ತೆರಿಗೆ ಮೂರನ್ನೂ ಬೆರೆಸಿದರೆ ಮೂರು ಶಾಖೆಗಳೂ ಇನ್ನೊಂದರತ್ತ ಬೆರಳು ತೋರುತ್ತವೆ.

2. ಸ್ಥಳ, ಅಳತೆ ಮತ್ತು ದಿನಾಂಕ ನಮೂದಾಗಲಿ. ‘ರಸ್ತೆ ಕೆಟ್ಟಿದೆ’ ಎನ್ನುವುದಕ್ಕಿಂತ ಯಾವ ಅಡ್ಡರಸ್ತೆಯಿಂದ ಯಾವುದರವರೆಗೆ, ಎಷ್ಟು ಮೀಟರು, ಎಂದಿನಿಂದ ಎಂಬುದು ಎಂಜಿನಿಯರಿಗೆ ಅಂದಾಜುಪಟ್ಟಿ ಸಿದ್ಧಪಡಿಸಲು ನೆರವಾಗುತ್ತದೆ.

3. ಬೇಡಿಕೆ ಕಾರ್ಯಸಾಧ್ಯವಾಗಿರಲಿ. ಹಣಕಾಸು ವರ್ಷ ಏಪ್ರಿಲ್ 1ರಿಂದ ಆರಂಭವಾಗುವುದರಿಂದ ದೊಡ್ಡ ಕಾಮಗಾರಿಯ ಬೇಡಿಕೆಯನ್ನು ಆಯವ್ಯಯದ ಸಿದ್ಧತೆಗೆ ಮುಂಚೆಯೇ ಸಲ್ಲಿಸಬೇಕು. ಆಯವ್ಯಯ ಪೂರ್ವಭಾವಿ ಸಭೆ ಕರೆದಾಗ ಸಂಘದ ಪ್ರತಿನಿಧಿ ತಪ್ಪದೆ ಹಾಜರಿರಬೇಕು.

4. ಸ್ವೀಕೃತಿ ಪಡೆಯದೆ ಹಿಂದಿರುಗಬಾರದು. ಮುದ್ರೆ ಮತ್ತು ದಿನಾಂಕವಿರುವ ಪ್ರತಿಯೇ ಮುಂದಿನ ಎಲ್ಲ ಕ್ರಮಕ್ಕೂ ಬುನಾದಿ.

ಅನುಸರಣೆ

ಮನವಿಯ ಮೇಲೆ ಕ್ರಮ ಜರುಗದಿದ್ದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯನ್ವಯ ಕಡತದ ಸ್ಥಿತಿ, ಸಭಾ ನಡವಳಿಯ ಪ್ರತಿ ಹಾಗೂ ಕಾಮಗಾರಿಯ ಅಂದಾಜನ್ನು ಕೇಳಬಹುದು. ಶುಲ್ಕ 10 ರೂಪಾಯಿ. ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಅವಧಿ. ವ್ಯಾಪಾರ ಪರವಾನಗಿಯಂತಹ ಸೇವೆಗಳಲ್ಲಿ ವಿಳಂಬವಾದರೆ 2011ರ ಸಕಾಲ ಕಾಯ್ದೆಯ ಮಾರ್ಗವಿದೆ. ಅದರನ್ವಯ ವಿಳಂಬದ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೋರಬಹುದು. ಮೊತ್ತ ಅಲ್ಪವಾದರೂ ವಿಳಂಬಕ್ಕೆ ಹೊಣೆಗಾರರು ಯಾರೆಂಬುದು ದಾಖಲಾಗುತ್ತದೆ.

ದೂರು ಉದ್ಯಮಿಯ ಮೇಲೆಯೇ ಬಂದಾಗ

ಸಭೆಗೆ ಬರುವ ಅಹವಾಲುಗಳಲ್ಲಿ ಕೆಲವು ಸಣ್ಣ ಘಟಕಗಳ ವಿರುದ್ಧವೇ ಇರುತ್ತವೆ: ಯಂತ್ರದ ಸದ್ದು, ರಾತ್ರಿ ಸರಕು ಇಳಿಸುವಿಕೆ, ಚರಂಡಿಗೆ ಹರಿಯುವ ತ್ಯಾಜ್ಯ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು 70 ಮಿತಿಯಾಗಿದೆ. ಇಲ್ಲಿ ರಾತ್ರಿಯೆಂದರೆ 10 ಗಂಟೆಯಿಂದ ಬೆಳಿಗ್ಗೆ 6ರವರೆಗೆ. ದೂರು ಬಂದಾಗ ವಾದಕ್ಕಿಳಿಯದೆ, ಪರವಾನಗಿ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಪತ್ರಗಳನ್ನು ಮುಂದಿಟ್ಟು, ಕೆಲಸದ ವೇಳೆ ಬದಲಿಸುವಂತಹ ಪರಿಹಾರವನ್ನು ತಾನಾಗಿ ಸೂಚಿಸುವ ಉದ್ಯಮಿಯು ಸಭೆಯ ವಿಶ್ವಾಸ ಗಳಿಸುತ್ತಾನೆ. ನಾಳೆ ತನ್ನ ಬೀದಿಯ ದೀಪಕ್ಕಾಗಿ ಅದೇ ನೆರೆಯವರ ಸಹಿ ಬೇಕಾಗುತ್ತದೆ ಎಂಬುದನ್ನೂ ಆತ ನೆನೆಯಬೇಕು.

ಉಪಸಂಹಾರ

ಪ್ರತಿಯೊಂದು ವರ್ತಕರ ಸಂಘವೂ ತನ್ನ ಸದಸ್ಯರಲ್ಲಿ ಒಬ್ಬರನ್ನು ಸ್ಥಳೀಯ ಆಡಳಿತದ ವಿಷಯಕ್ಕೆಂದೇ ನಿಯೋಜಿಸಿ, ಸಲ್ಲಿಸಿದ ಮನವಿಗಳ ವಹಿಯೊಂದನ್ನು ಇರಿಸುವುದು ಒಳಿತು. ಖಾತೆ ವಹಿಯಲ್ಲಿ ಬರಬೇಕಾದ ಬಾಕಿಯನ್ನು ಮರೆಯದ ವರ್ತಕನಿಗೆ, ಪೌರಸಭೆಯಿಂದ ಬರಬೇಕಾದ ಉತ್ತರವನ್ನು ನೆನಪಿಡುವುದು ಕಷ್ಟದ ಕೆಲಸವೇನಲ್ಲ.